ಹವಾನಾದಲ್ಲಿ ‘ಸಹಕಾರ ಸಂಘದ ಸಿಗಾರ್’ ಕೊಳ್ಳಬೇಡಿ, ದಯವಿಟ್ಟು ಕೊಳ್ಳಬೇಡಿ

ಚಳಿಗಾಲದ ರಜೆಗೆ ಕ್ಯೂಬಾಕ್ಕೆ ಹೊರಟಿರುವ ಕೆನಡಾದ ಕನ್ನಡಿಗರೆಲ್ಲ ಇದನ್ನು ಓದಲೇಬೇಕು. ವರಾದೇರೊ ಕಡಲತೀರದಿಂದ ಹವಾನಾ ನೋಡಿಬರಲು ಹೋಗುತ್ತೀರಲ್ಲ, ಅಲ್ಲಿ ಕ್ಯಾಪಿಟೋಲಿಯೊ ಕಟ್ಟಡದ ಹಿಂದೆ, ಹಳೆಯ ಪಾರ್ತಗಾಸ್ ಕಾರ್ಖಾನೆಯ ಆಸುಪಾಸಿನಲ್ಲಿ ಒಬ್ಬ ನಗುನಗುತ್ತ ಹತ್ತಿರ ಬರುತ್ತಾನೆ. ‘ಇವತ್ತು ಸಹಕಾರ ಸಂಘದ ದಿನ. ಕಾರ್ಮಿಕರು ತಮ್ಮ ಪಾಲಿನ ಸಿಗಾರ್ ತಾವೇ ಮಾರಿಕೊಳ್ಳಬಹುದು. ಇವತ್ತು ಮಾತ್ರ’ ಎನ್ನುತ್ತಾನೆ. ಅಂಥ ದಿನವೇ ಇಲ್ಲ! ನಾಳೆ ಹೋದರೂ ಅವನಿಗೆ ಅದು ‘ಇವತ್ತು’ ಆಗಿರುತ್ತದೆ.

ನಾನು ಕೇಳಿದ್ದು ಪಾರ್ತಗಾಸ್ ಸೀರೀ ಡಿ ನಂಬರ್ 4 ಎಂಬ ಸಿಗಾರ್. ಇಕ್ಕಟ್ಟಾದ ಮೆಟ್ಟಿಲು ಹತ್ತಿಸಿ ಒಂದು ಮನೆಗೆ ಕರೆದೊಯ್ದರು. ಮಂಚದ ಕೆಳಗಿನಿಂದ ಪೆಟ್ಟಿಗೆ ಬಂತು. 25 ಸಿಗಾರ್, ಕೆಂಪು ಪಟ್ಟಿ, ಪೆಟ್ಟಿಗೆಯ ಮೇಲೆ ಹಸಿರು ಸರ್ಕಾರಿ ಮುದ್ರೆ, ಎಲ್ಲವೂ ಇದ್ದವು. ಬೆಲೆ ಅಂಗಡಿಯ ಕಾಲು ಭಾಗ. ‘ನನ್ನ ಅಣ್ಣ ಕಾರ್ಖಾನೆಯಲ್ಲಿ ಸುತ್ತುವವನು’ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದ. ಎದೆಯ ಮೇಲೆ ಕೈಯಿಟ್ಟು!

ಟೊರಾಂಟೊಗೆ ಮರಳಿದ ಮೇಲೆ ಗೆಳೆಯರನ್ನು ಮನೆಗೆ ಕರೆದು ಊಟವಾದ ಬಳಿಕ ಒಬ್ಬೊಬ್ಬರಿಗೂ ಒಂದೊಂದು ಕೊಟ್ಟೆ. ಸೀರೀ ಡಿ ಹೆಸರಾಗಿರುವುದೇ ಅದರ ಖಾರಕ್ಕೆ. ನಿಜವಾದದ್ದನ್ನು ನಾನು ಹಿಂದೆ ಸೇದಿದ್ದೇನೆ. ಹೊತ್ತಿಸಿದೊಡನೆ ಮೆಣಸಿನ ಸಾರಿನ ಘಾಟಿನಂತೆ ಮೂಗಿನ ಬುಡಕ್ಕೆ ಏರುತ್ತದೆ, ಗಂಟಲನ್ನು ಮಾತ್ರ ಮುಟ್ಟುವುದಿಲ್ಲ. ಆಮೇಲೆ ದೇವದಾರು, ಚರ್ಮ, ಹಸಿಮಣ್ಣು, ಕೊನೆಯ ಭಾಗಕ್ಕೆ ಬರುವಾಗ ಕಡುಕಾಫಿ. ಅವಸರ ಮಾಡದೆ, ನಿಮಿಷಕ್ಕೊಂದು ಗುಟುಕಿನಂತೆ ಸೇದಿದರೆ ಆ ರುಚಿಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಇದರಲ್ಲಿ ಅದೇನೂ ಇಲ್ಲ. ಮೊದಲ ಗುಟುಕಿಗೇ ಗಂಟಲು ಉರಿಯಿತು. ಎಲ್ಲರೂ ಕೆಮ್ಮಿದರು. ‘ಖಾರದ ಸಿಗಾರ್ ಅಲ್ಲವೇ, ಹೀಗೇ ಇರುತ್ತದೆ’ ಎಂದು ನಾನೇ ಅವರಿಗೆ ಸಮಾಧಾನ ಹೇಳುತ್ತಿದ್ದೆ. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಒಂದು ಬದಿ ಉರಿದರೆ ಇನ್ನೊಂದು ಬದಿ ಹಸಿಯಾಗಿಯೇ ಉಳಿಯುತ್ತಿತ್ತು. ಬೂದಿ ನಿಲ್ಲದೆ ಪುಡಿಪುಡಿಯಾಗಿ ಅಂಗಿಯ ಮೇಲೆ ಬೀಳುತ್ತಿತ್ತು. ಗೆಳೆಯರೊಬ್ಬರು ಏನೂ ಹೇಳದೆ ಚಾಕು ತರಿಸಿ ಒಂದನ್ನು ಉದ್ದಕ್ಕೆ ಸೀಳಿದರು. ಒಳಗೆ ತುದಿಯಿಂದ ತುದಿಗೆ ಹೋಗುವ ಉದ್ದನೆಯ ಎಲೆಗಳಿರಬೇಕು. ಇದ್ದದ್ದು ಕತ್ತರಿಸಿದ ಚೂರು, ಕಡ್ಡಿ, ಧೂಳು. ‘ಇದನ್ನು ಎಲ್ಲಿ ತೆಗೆದುಕೊಂಡಿರಿ?’ ಎಂದು ಮೆಲ್ಲಗೆ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು.

ನಾನು ಪಿರಿಯಾಪಟ್ಟಣದ ಕಡೆಯವನು, ಹೊಗೆಸೊಪ್ಪಿನ ನಡುವೆ ಬೆಳೆದವನು. ನಮ್ಮಲ್ಲಿ ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಕಾವು ಕೊಟ್ಟು ಬೇಯಿಸಿದ ಸೊಪ್ಪು ಸಿಗರೇಟಿಗೆ ಹೋಗುತ್ತದೆ. ಸಿಗಾರ್ ಎಲೆಯ ದಾರಿ ಬೇರೆ. ಅದು ಗಾಳಿಯಲ್ಲಿ ಒಣಗಬೇಕು, ರಾಶಿಯಲ್ಲಿ ಹುದುಗು ಬರಬೇಕು, ಒಳಗಿನ ಅಮೋನಿಯಾ ಹೊರಹೋಗಬೇಕು. ಬಲ ಕೊಡುವುದು ಗಿಡದ ತುದಿಯ ಲಿಹೆರೊ ಎಲೆ, ಅದು ಹದವಾಗಲು ವರ್ಷಗಳೇ ಬೇಕು. ಸೀಳಿದ ಆ ಸಿಗಾರ್ ಅನ್ನು ಮೂಗಿಗೆ ಹಿಡಿದರೆ ಅಮೋನಿಯಾ ರಪ್ಪನೆ ಹೊಡೆಯಿತು. ಹದವಾಗದ ಎಲೆಯ ಉರಿಯನ್ನೇ ಖಾರವೆಂದು ಮಾರಿದ್ದರು. ಖಾರಕ್ಕೆ ಹೆಸರಾದ ಸಿಗಾರ್‌ನ ಹೆಸರಿನಲ್ಲಿ ಕಳಪೆ ಮಾಲು ದಾಟಿಸುವುದು ಅವರಿಗೆ ಸುಲಭ, ಏಕೆಂದರೆ ಗಂಟಲು ಸುಟ್ಟರೂ ಕೊಂಡವನು ಅದೇ ಅದರ ಗುಣ ಎಂದುಕೊಳ್ಳುತ್ತಾನೆ.

ಮಾರಿದವನ ಉತ್ತರಗಳನ್ನು ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಸೀಳಿದ ಸಿಗಾರ್‌ನ ಚಿತ್ರ ಕಳುಹಿಸಿದೆ. ಮೊದಲು, ‘ಮಿತ್ರಾ, ನಿಮ್ಮೂರಿನ ಚಳಿಗೆ ಒಣಗಿದೆ.’ ಒಣಗಿದರೆ ಉದ್ದನೆಯ ಎಲೆ ಚೂರಾಗುತ್ತದೆಯೇ ಎಂದೆ. ‘ಇದು ಬಲಶಾಲಿ ಸಿಗಾರ್. ನಿಮಗೆ ಅಭ್ಯಾಸವಿಲ್ಲ.’ ನನಗೆ ಅಭ್ಯಾಸವಿಲ್ಲವಂತೆ! ಹಣ ಕೇಳಿದ್ದಕ್ಕೆ, ‘ಮುಂದಿನ ಸಲ ಬನ್ನಿ, ಕೊಹೀಬಾ ಸಿಗಾರ್ ಕೊಡುತ್ತೇನೆ, ನಿಮಗೆ ವಿಶೇಷ ಬೆಲೆ.’ ಅಷ್ಟು ಹೇಳಿ ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದ. ಮೋಸಕ್ಕಿಂತ ಆ ‘ವಿಶೇಷ ಬೆಲೆ’ಯೇ ನನ್ನನ್ನು ಹೆಚ್ಚು ಕೆರಳಿಸಿದ್ದು.

ಬೀದಿಯಲ್ಲಿ ಕೊಳ್ಳಲೇಬೇಡಿ. ಲಾ ಕಾಸಾ ದೆಲ್ ಹಬಾನೊ ಫಲಕವಿರುವ ಅಧಿಕೃತ ಅಂಗಡಿಗೆ ಹೋಗಿ, ಬೆಲೆ ಹೆಚ್ಚಾದರೆ ಒಂದೇ ಒಂದು ಸಿಗಾರ್ ಕೊಳ್ಳಿ, ರಸೀದಿ ಕೇಳಿ ಪಡೆಯಿರಿ. ಹಸಿರು ಮುದ್ರೆಯಲ್ಲಿ ಹೊಲೋಗ್ರಾಂ ಇದೆಯೇ, ಪೆಟ್ಟಿಗೆಯ ತಳದಲ್ಲಿ ‘ತೋತಾಲ್ಮೆಂತೆ ಆ ಮಾನೊ’ (ಪೂರ್ತಿ ಕೈಯಲ್ಲೇ ಮಾಡಿದ್ದು) ಎಂದು ಮರಕ್ಕೇ ಸುಟ್ಟು ಒತ್ತಿದ ಅಕ್ಷರಗಳಿವೆಯೇ ನೋಡಿ. ಆದರೆ ಬೀದಿಯಲ್ಲಿ ಕೊಟ್ಟದ್ದಾದರೆ ಅವೆಲ್ಲ ಇದ್ದರೂ ನಂಬಬೇಡಿ, ಪೆಟ್ಟಿಗೆಯನ್ನೂ ಮುದ್ರೆಯನ್ನೂ ನಕಲು ಮಾಡುತ್ತಾರೆ. ಮೆಟ್ಟಿಲು ಹತ್ತಲು ಕರೆದರೆ ಹತ್ತಬೇಡಿ. ಅಣ್ಣ ಕಾರ್ಖಾನೆಯಲ್ಲಿದ್ದಾನೆ ಎಂದರೆ ಮಾತು ಬೆಳೆಸದೆ ಅಲ್ಲಿಂದ ನಡೆದುಬಿಡಿ.