ಹೃದ್ರೋಗವಿರುವ ಗ್ರೇಟ್ ಡೇನ್‌ಗೆ ಮನೆ ಹುಡುಕಿದ ಸಂಸ್ಥೆ: 14 ತಿಂಗಳ ಅನುಭವ

ಬೆಂಗಳೂರಿನ ಹೊರವಲಯದಲ್ಲಿ ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಮ್ಯಾಸ್ಟಿಫ್‌ನಂಥ ದೈತ್ಯ ತಳಿಯ ನಾಯಿಗಳನ್ನು ಉಳಿಸಿ, ಚಿಕಿತ್ಸೆ ಕೊಡಿಸಿ, ಹೊಸ ಮನೆ ಹುಡುಕುವ ಸಣ್ಣ ಸಂಸ್ಥೆಯೊಂದರಿಂದ ನಾವು ಗೌರಿಯನ್ನು ಕರೆತಂದೆವು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರು ಹರಡಿದಷ್ಟೂ ರಾತ್ರೋರಾತ್ರಿ ಗೇಟಿಗೆ ನಾಯಿ ಕಟ್ಟಿ ಹೋಗುವವರು ಹೆಚ್ಚುತ್ತಾರೆಂದು ಅವರೇ ಬೇಡವೆಂದಿದ್ದಾರೆ. ಗೌರಿಗೂ ಹಾಗೆಯೇ ಆಗಿತ್ತು. ಐದು ವರ್ಷದ ಗ್ರೇಟ್ ಡೇನ್, ಸಿಕ್ಕಾಗ ತೂಗಿದ್ದು ಬರೀ 38 ಕಿಲೋ.

ಈ ಸಂಸ್ಥೆಯ ಬಗ್ಗೆ ನನಗೆ ಗೌರವ ಮೂಡಿದ್ದು ಮೊದಲ ಭೇಟಿಯಲ್ಲಿಯೇ. ನಾಯಿಯನ್ನು ತೋರಿಸುವ ಮೊದಲು ಅವರು ನಮ್ಮನ್ನು ಕೂರಿಸಿ ಅವಳ ವೈದ್ಯಕೀಯ ಕಡತವನ್ನು ಪುಟಪುಟವಾಗಿ ವಿವರಿಸಿದರು. ಹೃದಯದ ಸ್ನಾಯು ತೆಳುವಾಗಿ, ಕೋಣೆಗಳು ಹಿಗ್ಗಿ, ರಕ್ತವನ್ನು ದೂಡುವ ಶಕ್ತಿ ಕುಗ್ಗುವ ಡೈಲೇಟೆಡ್ ಕಾರ್ಡಿಯೋಮಯೋಪತಿ ಗ್ರೇಟ್ ಡೇನ್‌ಗಳನ್ನು ಹೆಚ್ಚಾಗಿ ಕಾಡುವ ಕಾಯಿಲೆ. ಗೌರಿಯ ಎಕೋ ವರದಿಯಲ್ಲಿ ಅದು ಸ್ಪಷ್ಟವಾಗಿತ್ತು. ಪಿಮೋಬೆಂಡಾನ್ ಮಾತ್ರೆಯನ್ನು ದಿನಕ್ಕೆರಡು ಬಾರಿ, ಊಟಕ್ಕೆ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ಜೀವನಪೂರ್ತಿ ಕೊಡಬೇಕು. ಕೊಟ್ಟರೂ ಕಾಯಿಲೆ ವಾಸಿಯಾಗುವುದಿಲ್ಲ, ಆರೋಗ್ಯವಂತ ಗ್ರೇಟ್ ಡೇನ್‌ಗಳೇ ಹತ್ತು ವರ್ಷ ದಾಟುವುದು ಅಪರೂಪ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಇಷ್ಟನ್ನು ಕೇಳಿದ ಮೇಲೂ ನಾಯಿಯನ್ನು ನೋಡಬೇಕೆನ್ನುವವರಿಗೆ ಮಾತ್ರ ಒಳಗಿನ ಬಾಗಿಲು ತೆರೆಯುತ್ತದೆ.

ಸಂತಾನಹರಣ ಶಸ್ತ್ರಚಿಕಿತ್ಸೆಯ ಸಮಯದಲ್ಲಿಯೇ ಅವಳ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿಸಿದ್ದರು. ಕಿರಿದಾದ, ಆಳವಾದ ಎದೆಗೂಡಿನ ಈ ತಳಿಗಳಲ್ಲಿ ಜಠರ ಗಾಳಿ ತುಂಬಿಕೊಂಡು ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ಹೊಲಿಗೆ ಉಬ್ಬರವನ್ನು ತಡೆಯದಿದ್ದರೂ ತಿರುಚುವಿಕೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ನಾನು ಪ್ರೀತಿಯಿಂದ ಮಾಡಿಸಿ ಒಯ್ದಿದ್ದ ಎತ್ತರದ ಊಟದ ಸ್ಟ್ಯಾಂಡನ್ನು ಬೇಡವೆಂದರು. ಬಟ್ಟಲು ಎತ್ತರದಲ್ಲಿದ್ದ ದೊಡ್ಡ ನಾಯಿಗಳಲ್ಲಿ ಈ ಅಪಾಯ ಹೆಚ್ಚಿರುವುದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂದಿತ್ತು ಎಂದು ತಿಳಿದದ್ದು ಆಗ. ಈಗ ಬಟ್ಟಲು ನೆಲದ ಮೇಲಿದೆ, ಊಟ ದಿನಕ್ಕೆ ಮೂರು ಹೊತ್ತು.

ಮನೆ ಪರಿಶೀಲನೆಗೆ ಬಂದವರು ನಮ್ಮ ಆದಾಯಕ್ಕಿಂತ ನೆಲವನ್ನೇ ಹೆಚ್ಚು ನೋಡಿದರು. ಗ್ರಾನೈಟಿನ ಮೇಲೆ ಕಾಲು ಜಾರುತ್ತದೆ, ಗಟ್ಟಿ ನೆಲದಲ್ಲಿ ಮಲಗಿದರೆ ಮೊಣಕೈಯಲ್ಲಿ ನೀರು ತುಂಬಿದ ಗಂಟುಗಳಾಗುತ್ತವೆ ಎಂದು ರಬ್ಬರ್ ಹಾಸನ್ನೂ ದಪ್ಪ ಹಾಸಿಗೆಯನ್ನೂ ಹಾಕಿಸಿದ ಮೇಲೆಯೇ ಮೂರು ವಾರಗಳ ಪ್ರಾಯೋಗಿಕ ಅವಧಿಗೆ ಒಪ್ಪಿದರು. ಹಣ ಕೇಳಲಿಲ್ಲ. ಸಾಕಲಾಗದಿದ್ದರೆ ಬೇರೆಯವರಿಗೆ ದಾಟಿಸದೆ ತಮಗೇ ಮರಳಿಸಬೇಕೆಂದು ಬರೆಸಿಕೊಂಡರು.

ಕೊರತೆ ಇಲ್ಲವೆಂದಲ್ಲ. ನಾಲ್ಕನೆಯ ತಿಂಗಳಲ್ಲಿ ಒಂದು ರಾತ್ರಿ ಗೌರಿ ಪ್ರಜ್ಞೆ ತಪ್ಪಿ ಬಿದ್ದಾಗ ಅವರ ಫೋನನ್ನು ಯಾರೂ ಎತ್ತಲಿಲ್ಲ. ಇಬ್ಬರು ನೆರೆಯವರು ಬೆಡ್‌ಶೀಟಿನಲ್ಲಿ ಎತ್ತಿ ಕಾರಿಗೆ ಸಾಗಿಸಿರದಿದ್ದರೆ ಏನಾಗುತ್ತಿತ್ತೋ ತಿಳಿಯದು. ಹೃದಯದ ಲಯ ತಪ್ಪಿದ್ದರಿಂದ ಇನ್ನೊಂದು ಔಷಧ ಸೇರಿತು. ಬೆಳಿಗ್ಗೆ ಆರಕ್ಕೆ ಅವರು ಆಸ್ಪತ್ರೆಗೇ ಬಂದರು, ಕ್ಷಮೆಯನ್ನೂ ಕೇಳಿದರು. ಆದರೂ ಇಂಥ ನಾಯಿಗಳನ್ನು ಕೊಡುವವರು ರಾತ್ರಿ ಕರೆ ಸ್ವೀಕರಿಸಲು ಒಬ್ಬರನ್ನಾದರೂ ಇಡಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಔಷಧ, ತಪಾಸಣೆಗಳಿಗೆ ತಿಂಗಳಿಗೆ ಸರಾಸರಿ 7,000 ರೂಪಾಯಿ ತಗಲುತ್ತದೆ. ಅವರು ಮೊದಲೇ ಹೇಳಿದ ಅಂದಾಜಿಗೆ ಇದು ಹತ್ತಿರವೇ ಇದೆ.

ಅವರು ಕಲಿಸಿದ ಅತ್ಯಂತ ಉಪಯುಕ್ತ ವಿಷಯಕ್ಕೆ ಖರ್ಚೇ ಇಲ್ಲ. ನಾಯಿ ಗಾಢ ನಿದ್ರೆಯಲ್ಲಿರುವಾಗ ಒಂದು ನಿಮಿಷ ಉಸಿರನ್ನು ಎಣಿಸಬೇಕು. ಮೂವತ್ತು ದಾಟಿ ಅಲ್ಲಿಯೇ ನಿಂತರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿರಬಹುದು, ತಡಮಾಡದೆ ವೈದ್ಯರನ್ನು ಕಾಣಬೇಕು. ಮಲಗುವ ಮುನ್ನ ನನ್ನ ಮಗಳು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಈಗ ಗೌರಿಯ ತೂಕ 49 ಕಿಲೋ, ನಿನ್ನೆ ರಾತ್ರಿಯ ಎಣಿಕೆ 22.