ಸ್ಟಾಂಟನ್, ದುಬ್ರೋವ್ನಿಕ್, ರೀಜನ್ಸ್: ಮೂರು ಮರದ ಚೆಸ್ ಸೆಟ್‌ಗಳಲ್ಲಿ ಆಡಿ ನೋಡಿದ ಮೇಲೆ

ಮರದ ಚೆಸ್ ಸೆಟ್ ಕೈಗೆ ಬಂದರೆ ನಾನು ಮೊದಲು ನೋಡುವುದು ಕುದುರೆಯನ್ನು. ಉಳಿದ ಕಾಯಿಗಳು ಹೆಚ್ಚುಕಮ್ಮಿ ಲೇತ್, ಅಂದರೆ ಮರ ತಿರುಗಿಸಿ ಕಡೆಯುವ ಯಂತ್ರದ ಮೇಲೇ ತಯಾರಾಗುತ್ತವೆ. ಕುದುರೆ ಮುಖಕ್ಕೆ ಮಾತ್ರ ಉಳಿ ಹಿಡಿದ ಕೈಯೇ ಬೇಕು. ನನ್ನ ಹತ್ತಿರ ಇರುವ ಮೂರೂ ಸೆಟ್ ಹಳೆಯ ಮಾದರಿ ನೋಡಿ ಅಮೃತಸರದಲ್ಲಿ ಮಾಡಿದವು.

ಸ್ಟಾಂಟನ್ ಮಾದರಿಯನ್ನು ಲಂಡನ್ನಿನಲ್ಲಿ 1849ರಲ್ಲಿ ನಥಾನಿಯಲ್ ಕುಕ್ ನೋಂದಾಯಿಸಿದ, ಜಾಕ್ಸ್ ಕಂಪನಿ ತಯಾರಿಸಿತು. ಆ ಕಾಲದ ದೊಡ್ಡ ಆಟಗಾರ ಹೋವರ್ಡ್ ಸ್ಟಾಂಟನ್ ಹೆಸರು ಅದಕ್ಕೆ ಬಂತು. ಅದಕ್ಕೂ ಮೊದಲು ಒಂದೊಂದು ದೇಶದ ಕಾಯಿ ಒಂದೊಂದು ಥರ. ಸ್ಟಾಂಟನ್‌ನಲ್ಲಿ ರಾಜನಿಗೆ ಶಿಲುಬೆ, ರಾಣಿಗೆ ಕಿರೀಟ, ಆನೆಗೆ ಕೋಟೆಯ ಬುರುಜು, ಒಂಟೆಗೆ ಬಿಷಪ್ಪರ ಸೀಳು ಟೋಪಿ. ಯಾವುದು ಯಾವುದು ಅಂತ ಯೋಚಿಸುವ ಗೋಜೇ ಇಲ್ಲ.

ಇದರ ಕುದುರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಅರಳಿದ ಮೂಗಿನ ಹೊಳ್ಳೆ, ತೆರೆದ ಬಾಯೊಳಗೆ ಹಲ್ಲಿನ ಸಾಲು, ಕುತ್ತಿಗೆ ಉದ್ದಕ್ಕೂ ಜೂಲಿನ ಒಂದೊಂದು ಎಳೆ. ಗ್ರೀಸ್‌ನ ಪ್ರಾಚೀನ ಪಾರ್ಥೆನಾನ್ ದೇಗುಲದ ಶಿಲ್ಪದ ಕುದುರೆಗಳೇ ಇದಕ್ಕೆ ಮಾದರಿ ಅನ್ನುತ್ತಾರೆ. ನೋಡಿದರೆ ಹೌದಲ್ವಾ ಅನಿಸುತ್ತದೆ. ನನ್ನ ಸೆಟ್‌ನ ನಾಲ್ಕು ಕುದುರೆಗಳಲ್ಲಿ ಒಂದರ ದವಡೆ ಸ್ವಲ್ಪ ಗಡುಸು. ಅದು ನನಗೆ ಬಹಳ ಇಷ್ಟ, ಕೆತ್ತಿದವರ ಕೈ ಅಲ್ಲೇ ಕಾಣುತ್ತದೆ. ತೊಂದರೆ ಅಂದರೆ ಕಿವಿ. ತೆಳು ಕಿವಿಯ ಕುದುರೆ ಕೆಳಗೆ ಬಿದ್ದರೆ ಮುರಿದ ಹಾಗೆಯೇ.

ದುಬ್ರೋವ್ನಿಕ್ ಬೇರೆಯೇ ಜಾತಿ. 1950ರಲ್ಲಿ ಯುಗೊಸ್ಲಾವಿಯಾದ ಆ ಊರಿನಲ್ಲಿ ನಡೆದ ಚೆಸ್ ಒಲಿಂಪಿಯಾಡ್‌ಗೆ, ಅಂದರೆ ದೇಶಗಳ ತಂಡಗಳ ಪಂದ್ಯಾವಳಿಗೆ ಮಾಡಿದ್ದು. ಸಮಾಜವಾದಿ ದೇಶ, ಧರ್ಮದ ಗುರುತು ಬೇಡ, ಹಾಗಾಗಿ ಶಿಲುಬೆ ಇಲ್ಲ, ಸೀಳು ಟೋಪಿಯೂ ಇಲ್ಲ. ಒಂಟೆಯ ತುದಿಗೆ ಎದುರು ಬಣ್ಣದ ಪುಟ್ಟ ಗುಂಡು. ಅಮೆರಿಕದ ವಿಶ್ವ ಚಾಂಪಿಯನ್ ಬಾಬಿ ಫಿಶರ್‌ಗೆ ಬಲು ಮೆಚ್ಚಿನ ಮಾದರಿ ಇದು. ಕುದುರೆಯಲ್ಲಿ ಕುಸುರಿ ಕಮ್ಮಿ, ಮೈ ಗಟ್ಟಿ. ಬುಡ ಅಗಲ, ಬೇಗ ಉರುಳುವುದಿಲ್ಲ. ಗಡಿಯಾರ ಇಟ್ಟುಕೊಂಡು ಬ್ಲಿಟ್ಜ್, ಅಂದರೆ ಕೆಲವೇ ನಿಮಿಷಗಳ ಬಿರುಸಿನ ಆಟ ಆಡುವಾಗ ಕೈ ತಾನಾಗಿ ಇದರ ಕಡೆಗೇ ಹೋಗುತ್ತದೆ.

ಪ್ಯಾರಿಸ್ಸಿನಲ್ಲಿ ಹಿಂದೆ ಚೆಸ್ ಆಟಗಾರರು ಸೇರುತ್ತಿದ್ದ ಕೆಫೆ ದ ಲಾ ರೀಜನ್ಸ್ ಹೆಸರು ಹೊತ್ತ ಫ್ರೆಂಚ್ ಮಾದರಿ ನೋಡಲು ಚೆಂದ, ಸಪೂರ. ಆದರೆ ಆಟದ ಬಿಸಿಯಲ್ಲಿ ಒಂಟೆ ಯಾವುದು, ರಾಣಿ ಯಾವುದು ಅಂತ ಕಣ್ಣು ತಡವರಿಸುತ್ತದೆ. ಹಗುರ ಬೇರೆ, ತೋಳು ತಾಗಿದರೆ ಸಾಕು. ಉಳಿದ ಮಾದರಿಗಳನ್ನು ಹಿಂದಿಕ್ಕಿ ಸ್ಟಾಂಟನ್ ಯಾಕೆ ಗೆದ್ದಿತು ಅನ್ನುವುದು ಇದರಲ್ಲಿ ಆಡಿದಾಗ ಚೆನ್ನಾಗಿ ಅರ್ಥವಾಗುತ್ತದೆ.

ಒಂದೇ ಸೆಟ್ ಕೊಳ್ಳುವುದಾದರೆ ಸ್ಟಾಂಟನ್ ತಗೊಳ್ಳಿ. ದಿನಾ ಜೋರಾಗಿ ಆಡುವವರಾದರೆ ದುಬ್ರೋವ್ನಿಕ್. ರಾಜ ಸುಮಾರು 9.5 ಸೆಂಟಿಮೀಟರ್ ಎತ್ತರ ಇದ್ದರೆ ಬೋರ್ಡಿನ ಮನೆ 5ರಿಂದ 6 ಸೆಂಟಿಮೀಟರ್ ಇರಲಿ, ಕಾಯಿಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ದುಡ್ಡು ಕೊಡುವ ಮುಂಚೆ ನಾಲ್ಕೂ ಕುದುರೆಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದರ ಕಿವಿಯ ಬುಡ ಮುಟ್ಟಿ ನೋಡಿ.