ನಾನಖಟಾಯಿಗೆ ಓಟಿಜಿನಾ, ಕುಕ್ಕರಾ, ಗಲ್ಲಿಯ ಭಟ್ಟಿನಾ?

ಮಳೆಗಾಲದಲ್ಲಿ ಬೆಳಗಾವಿಯ ಶಾಲೆಗಳಿಗೆ ದಿಢೀರ್ ರಜೆ ಸಿಗುವುದು ಹೊಸದಲ್ಲ. ರಜೆ ಕೊಟ್ಟ ದಿನವೇ ಬಿಸಿಲು ಬೀಳುವುದೂ ಹೊಸದಲ್ಲ. ನನ್ನಂಥ ಟೀಚರ್‌ಗೆ ಅಂಥ ದಿನ ಎರಡೇ ಆಸೆ: ಊರು ಸುತ್ತಬೇಕು, ನಾನಖಟಾಯಿ ಮಾಡಬೇಕು. ಎರಡೂ ಆಗಬೇಕೆಂದರೆ ನಮ್ಮೂರಿನದೇ ಭಾಗವಾದ ಶಹಾಪುರದ ಗಲ್ಲಿ ಬೇಕರಿಯ ಸೌದೆ ಭಟ್ಟಿಯೇ ಸರಿ. 5-6 ಸಾವಿರ ಕೊಟ್ಟು ತಂದ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, ಮನೆಯಲ್ಲಿ ಇಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಕುಕ್ಕರ್ ವಿಷಯ ಮೊದಲು ಮುಗಿಸಿಬಿಡೋಣ. ಗ್ಯಾಸ್ಕೆಟ್, ಸೀಟಿ ತೆಗೆದು, ತಳಕ್ಕೆ ಉಪ್ಪು ಹಾಕಿ ಕಾಯಿಸಿದರೆ ಬೇಯುವುದೇನೋ ಬೇಯುತ್ತದೆ. ಆದರೆ ತಳ ಸೀದಿರುತ್ತದೆ, ಮೇಲೆ ಬಿಳಿಚಿಕೊಂಡಿರುತ್ತದೆ. ಒಂದು ಸಲಕ್ಕೆ ಒಂದೇ ಸಣ್ಣ ತಟ್ಟೆ. ಬೇಡ.

ಓಟಿಜಿ ಕೆಟ್ಟದ್ದಲ್ಲ. ಮೊದಲೇ ಕಾಯಿಸಿಟ್ಟು, 170 ಡಿಗ್ರಿಯಲ್ಲಿ 18-20 ನಿಮಿಷ ಬಿಟ್ಟರೆ ಬಣ್ಣ ಚೆನ್ನಾಗಿ ಬರುತ್ತದೆ. ತಕರಾರು ಇರುವುದು ಟೈಮರ್‌ನದು. ನನ್ನದು ತಿರುವಿ ಬಿಡುವ ಗುಂಡಿ, ಸ್ಪ್ರಿಂಗ್ ಮೇಲೆ ಓಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೇಳಿ ಕೇಳಿ ಹೋಗಲ್ಲ ಅಲ್ವಾ? ಕರೆಂಟ್ ಹೋದರೂ ಟೈಮರ್ ಮಾತ್ರ ಟಿಕ್ ಟಿಕ್ ಅಂತ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಹೊತ್ತಿಗೆ ಸರಿಯಾಗಿ ಟಿಂಗ್ ಅನ್ನುತ್ತದೆ. ಬಾಗಿಲು ತೆಗೆದರೆ ಒಳಗೆ ತುಪ್ಪ ಕರಗಿ, ಉಂಡೆಗಳೆಲ್ಲ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡು, ನಡುವೆ ಒತ್ತಿದ ಪಿಸ್ತಾ ಓರೆಯಾಗಿ ಕೂತಿರುತ್ತದೆ. ಕರೆಂಟ್ ಬಂದ ಮೇಲೆ ಮತ್ತೆ ಬೇಯಿಸಿದರೆ ಅಂಚು ಗಟ್ಟಿ, ನಡುವೆ ಹಿಟ್ಟು ಹಿಟ್ಟು.

ಇನ್ವರ್ಟರ್ ಇದೆಯಲ್ಲ ಅನ್ನಬೇಡಿ. ಫ್ಯಾನು, ಲೈಟಿಗೆ ಹಾಕಿಸಿದ ಇನ್ವರ್ಟರ್ 1500 ವ್ಯಾಟ್‌ನ ಓವನ್ ಎಳೆಯಲ್ಲ. ಹಾಗಾಗಿ ಒಂದೊಂದು ಟ್ರೇಗೂ ಅಡುಗೆಮನೆಯಲ್ಲೇ ಕಾವಲು. ರಜೆ ಅಲ್ಲೇ ಕರಗಿ ಹೋಗುತ್ತದೆ.

ಭಟ್ಟಿಯದು ಬೇರೆ ಲೆಕ್ಕ. ಬೆಳಿಗ್ಗೆ ಗಟ್ಟಿ ತುಪ್ಪವನ್ನು ಬೆಳ್ಳಗಾಗುವ ತನಕ ಅಂಗೈಯಿಂದ ತಿಕ್ಕಿ, ಪುಡಿ ಸಕ್ಕರೆ, ಮೈದಾ, ಸ್ವಲ್ಪ ಕಡಲೆಹಿಟ್ಟು, ರವೆ, ಏಲಕ್ಕಿ ಸೇರಿಸಿ ಉಂಡೆ ಕಟ್ಟಿಕೊಂಡು ಹೋಗುತ್ತೇನೆ. ಬೇಕರಿಯವರದು ಒಂದೇ ಮಾತು: "ಅಕ್ಕಾರ, ಮೊದ್ಲ ಬ್ರೆಡ್ ಇಳೀಲಿ, ಆಮ್ಯಾಲ ನಿಮ್ದು." ಅದಕ್ಕೆ ಕಾರಣವಿದೆ. ಬ್ರೆಡ್‌ಗೆ ಬೇಕಾದ ಉರಿಗೆ ನಾನಖಟಾಯಿ ಇಟ್ಟರೆ ಕರಿಕಾಗುತ್ತದೆ. ಬ್ರೆಡ್ ತೆಗೆದ ಮೇಲೆ ಇಟ್ಟಿಗೆಯಲ್ಲಿ ಉಳಿದ ಇಳಿಬಿಸಿಯೇ ಅದಕ್ಕೆ ಹದ. ಬಿರುಕು ಬಿಟ್ಟು, ಬಾಯಲ್ಲಿ ಇಟ್ಟರೆ ಪುಡಿಯಾಗುವ ಹಾಗೆ ಬರುತ್ತದೆ.

ಕಾಯುವ ಹೊತ್ತೇ ನನ್ನ ತಿರುಗಾಟ. ಖಾಸಬಾಗ, ವಡಗಾವಿ ಕಡೆ ನಡೆದರೆ ಮನೆಮನೆಯಿಂದ ಪವರ್‌ಲೂಮ್ ಸದ್ದು. ಕಪಿಲೇಶ್ವರ ಗುಡಿಗೂ ಹೋಗಿ ಬರಬಹುದು. ಜಾಸ್ತಿ ಹೊತ್ತು ಇದ್ದರೆ ಆಟೋ ಹಿಡಿದು ಕೋಟೆಗೆ. ಅಲ್ಲಿನ ಕಮಲ ಬಸದಿ 1204ರದು. ಕತ್ತೆತ್ತಿ ಚಾವಣಿಯ ಕಮಲ ನೋಡುತ್ತ ನಿಂತರೆ ಕತ್ತು ನೋಯುತ್ತದೆಯೇ ಹೊರತು ಬೇಜಾರಾಗಲ್ಲ. ಕ್ಯಾಂಪಿನ, ಅಂದರೆ ಕಂಟೋನ್ಮೆಂಟಿನ, ರಸ್ತೆಗಳೂ ಚಂದ, ದೊಡ್ಡ ಮರಗಳು. ಆದರೆ ನನಗೆ ಗಲ್ಲಿಗಳೇ ಇಷ್ಟ. ಸುಮ್ನೆ ನಿಂತರೂ ಯಾರಾದರೂ ಮಾತಾಡಿಸುತ್ತಾರೆ.

ಭಟ್ಟಿಗೂ ಕೊರತೆ ಇದೆ. ಅವರ ಟ್ರೇಯಲ್ಲಿ ಮೊಟ್ಟೆಯ ಕೇಕೂ ಬೇಯುತ್ತದೆ. ನಮ್ಮ ಅತ್ತೆ ಅದನ್ನು ಮುಟ್ಟಲ್ಲ. ಅದಕ್ಕೆ ಮನೆಯ ತಾಟುಗಳನ್ನೇ ಹೊತ್ತುಕೊಂಡು ಹೋಗುತ್ತೇನೆ, ತಳಕ್ಕೆ ಹೆಸರಿನ ಚೀಟಿ ಅಂಟಿಸಿದರೆ ಸುಟ್ಟು ಹೋಗುತ್ತದೆ ಅಂತ ಅಂಚಿಗೆ ಮೊಳೆಯಿಂದ ಗೀರು ಹಾಕಿದ್ದೇನೆ. ದೀಪಾವಳಿಗೆ ಮುಂಚೆ ಮಾತ್ರ ಅತ್ತ ಹೋಗಬೇಡಿ, ಸರದಿ ಸಿಗಲ್ಲ. ಆಗ ಓಟಿಜಿಯೇ ಗತಿ. ಮನೆಯಲ್ಲಿ ಇಬ್ಬರೇ ಇದ್ದು, ಒಂದು ಡಬ್ಬಿ ತುಂಬಿದರೆ ಸಾಕು ಅನ್ನುವವರಿಗೂ ಅದೇ ಸಾಕು. ನಮ್ಮ ಮನೆಯಲ್ಲಿ ಒಂದು ಡಬ್ಬಿ ಸಂಜೆಯ ಚಹಾಕ್ಕೇ ಖಾಲಿ.